‘ಸೊಪ್ಪಿನ ಚಹಾ’ ಎಂದ ಮಾತ್ರಕ್ಕೆ ಹಲಾಲ್ ಆಗುವುದೇ?

ಕಳೆದ ತಿಂಗಳ ಎರಡನೇ ಜುಮಾದ ಖುತ್ಬಾದಲ್ಲಿ ಹೇಳಿದ್ದನ್ನು ಬರಹದಲ್ಲಿ ಕೊಡಿ ಎಂದು ಹಲವು ಸಹೋದರಿಯರು ಮನೆಯವರ ಮೂಲಕ ಹೇಳಿ ಕಳುಹಿಸಿದ್ದರು. ಮಿಂಬರ್ ಮೇಲೆ ಹದಿನೈದು ನಿಮಿಷದಲ್ಲಿ ಹೇಳಲಾಗದ ವಿವರಗಳನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ವಿಷಯ ನನಗೂ ಹೊಸದಾಗಿತ್ತು. ತಿಳಿಯದೆ ಒಂದು ತಪ್ಪು ಉತ್ತರವನ್ನೂ ಕೊಟ್ಟಿದ್ದೆ. ಅಲ್ಲಿಂದಲೇ ಆರಂಭಿಸುತ್ತೇನೆ.

ನಮ್ಮ ಮೊಹಲ್ಲಾದ ಒಬ್ಬ ತಾಯಿ ನನ್ನ ಮನೆಯವರ ಬಳಿ ಒಂದು ಮಸ್‌ಅಲಾ ಕೇಳಿದರು. ಮಗ ರಾತ್ರಿ ಪಾಳಿಯಲ್ಲಿ ಏರ್‌ಪೋರ್ಟ್‌ಗೆ ಕ್ಯಾಬ್ ಓಡಿಸುತ್ತಾನೆ. ಹೆಬ್ಬಾಳದಿಂದ ಯಲಹಂಕ ದಾಟಿ ದಿನಕ್ಕೆ ಐದಾರು ಸಲ ಹೋಗಿ ಬರುವವನಿಗೆ ಸೊಂಟನೋವು. ಗೆಳೆಯನೊಬ್ಬ ಹಸಿರು ಬಣ್ಣದ ಸೊಪ್ಪಿನ ಪುಡಿ ಕೊಟ್ಟಿದ್ದ. ಆಮೇಲೆ ಅದು ಪಾರ್ಸೆಲ್‌ನಲ್ಲಿ ಬರತೊಡಗಿತು. ಪ್ರತಿದಿನ ಕಾಯಿಸುವುದು ಕಷ್ಟವೆಂದು ತಾಯಿಯೇ ಭಾನುವಾರ ಬಿರಿಯಾನಿ ಡೇಗ್ಚಿಯಲ್ಲಿ ಐದು ಲೀಟರ್ ನೀರಿಟ್ಟು ಕುದಿಸಿ, ಸೋಸಿ, ಬೆಲ್ಲ ಹಾಕಿ, ವಾರಕ್ಕಾಗುವಷ್ಟು ಬಾಟಲಿಗಳಲ್ಲಿ ತುಂಬಿ ಫ್ರಿಡ್ಜ್‌ನಲ್ಲಿ ಇಡುತ್ತಿದ್ದರು. ‘ಇದು ಸೊಪ್ಪಿನ ಚಹಾ, ಕುಡಿಯಬಹುದೇ?’ ಎಂಬುದು ಪ್ರಶ್ನೆ.

ನಾನು ಒಂದೇ ವಾಕ್ಯದಲ್ಲಿ ಉತ್ತರಿಸಿ ಕಳುಹಿಸಿದೆ. ವಸ್ತುಗಳೆಲ್ಲ ಮೂಲತಃ ಅನುಮತಿಸಲ್ಪಟ್ಟವು, ನಿಷೇಧಕ್ಕೆ ಆಧಾರ ಬೇಕು. ಸೊಪ್ಪು ತಾನೇ, ಕುಡಿಯಲಿ. ಯಾವ ಸೊಪ್ಪು ಎಂದು ಕೇಳಲಿಲ್ಲ. ಮದ್ರಸದಲ್ಲಿ ಎಂಟು ವರ್ಷ ಓದಿದವನು ಕೇಳಲೇಬೇಕಾದ ಮೊದಲ ಪ್ರಶ್ನೆ ಅದಾಗಿತ್ತು.

ಎರಡು ತಿಂಗಳ ಬಳಿಕ ಅದೇ ತಾಯಿ ಅಳುತ್ತಾ ಬಂದರು. ಶುಕ್ರವಾರದ ಹೊತ್ತಿಗೆ ಬಾಟಲಿ ಖಾಲಿಯಾದರೆ ಮಗ ಬೆವರುತ್ತಾನೆ, ಮೂಗು ಸೋರುತ್ತದೆ, ಕಾಲು ಸೆಳೆಯುತ್ತದೆ, ನಿದ್ದೆಯಿಲ್ಲ, ಮಾತೆತ್ತಿದರೆ ಸಿಡುಕು. ಮೊದಲು ದಿನಕ್ಕೆ ಒಂದು ಲೋಟ ಸಾಕಾಗುತ್ತಿದ್ದುದು ಈಗ ನಾಲ್ಕಾಗಿದೆ. ಮಂಡಿನೋವಿನ ತಂದೆಯೂ ಹದಿನೈದು ದಿನದಿಂದ ಅರ್ಧ ಲೋಟ ಶುರು ಮಾಡಿದ್ದಾರೆ. ಪ್ಯಾಕೆಟ್ ತರಿಸಿ ನೋಡಿದೆ. ಅದರ ಮೇಲೆ ‘ಕ್ರಾಟಮ್’ ಎಂದಿತ್ತು.

ಈ ಹೆಸರು ನಮ್ಮ ಹೆಚ್ಚಿನ ಮನೆಗಳಲ್ಲಿ ಕೇಳಿದ್ದಲ್ಲ. ಕ್ರಾಟಮ್ ನಮ್ಮ ನಾಡಿನ ಮೂಲಿಕೆಯಲ್ಲ. ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾಗಳಲ್ಲಿ ಬೆಳೆಯುವ ದೊಡ್ಡ ಮರ. ಸಸ್ಯಶಾಸ್ತ್ರದಲ್ಲಿ ಮಿತ್ರಗೈನ ಸ್ಪೆಸಿಯೋಸ. ಕಾಫಿ ಗಿಡದ ಕುಟುಂಬಕ್ಕೇ ಸೇರಿದ್ದು. ಅಲ್ಲಿನ ರೈತರು, ರಬ್ಬರ್ ತೋಟದ ಕೂಲಿಗಳು ದಣಿವು ಮರೆಯಲು ಇದರ ಹಸಿ ಎಲೆಯನ್ನು ಜಗಿಯುವ ರೂಢಿ ಹಿಂದಿನಿಂದಲೂ ಇದೆ. ಎಲೆಯಲ್ಲಿ ಮಿತ್ರಗೈನಿನ್ ಎಂಬ ಸತ್ವವಿದೆ. ಜೊತೆಗೆ ಅತ್ಯಲ್ಪ ಪ್ರಮಾಣದಲ್ಲಿ, ಆದರೆ ಅದಕ್ಕಿಂತ ಪ್ರಬಲವಾದ, ಇನ್ನೊಂದು ಸತ್ವವೂ ಇದೆ. ಇವೆರಡೂ ಮೆದುಳಿನಲ್ಲಿ ಹೋಗಿ ಕೂರುವುದು ಅಫೀಮು, ಮಾರ್ಫಿನ್‌ಗಳು ಹೋಗಿ ಕೂರುವ ಜಾಗದಲ್ಲೇ. ಸ್ವಲ್ಪ ಕುಡಿದರೆ ಚುರುಕು, ಹೆಚ್ಚು ಕುಡಿದರೆ ಮಂಪರು. ನೋವು ಅಡಗುತ್ತದೆ ನಿಜ, ಅಫೀಮಿನಿಂದಲೂ ಅಡಗುತ್ತದೆ. ದಿನವೂ ಕುಡಿದವನಿಗೆ ಬಿಟ್ಟಾಗ ಬೆವರು, ಸೆಳೆತ, ನಿದ್ರಾಹೀನತೆ ಬರುವುದು ಇದರಿಂದಲೇ. ಯಕೃತ್ತಿಗೆ ಹಾನಿಯಾದ, ಫಿಟ್ಸ್ ಬಂದ ಪ್ರಕರಣಗಳೂ ವೈದ್ಯಕೀಯ ದಾಖಲೆಗಳಲ್ಲಿವೆ. ನಿದ್ದೆಯ ಮಾತ್ರೆ, ಕೆಮ್ಮಿನ ಸಿರಪ್, ಬೇರೆ ನೋವಿನ ಮಾತ್ರೆಗಳ ಜೊತೆ ಸೇರಿದರೆ ಉಸಿರಾಟಕ್ಕೇ ಅಪಾಯ. ರಾತ್ರಿ ಹೊತ್ತು ಪ್ರಯಾಣಿಕರನ್ನು ಕೂರಿಸಿಕೊಂಡು ಗಾಡಿ ಓಡಿಸುವವನಿಗೆ ಮಂಪರು ಎಂದರೇನು ಎಂದು ನಾನು ಹೇಳಬೇಕಾಗಿಲ್ಲ.

ಥಾಯ್ಲೆಂಡಿನ ಕಥೆ ನಮಗೆ ಮುಖ್ಯ. ಅಲ್ಲಿನ ಸರಕಾರ 1943ರಲ್ಲಿ ಕ್ರಾಟಮ್ ನಿಷೇಧಿಸಿತು. ಆಗ ಅಫೀಮಿನ ತೆರಿಗೆ ಸರಕಾರಕ್ಕೆ ಆದಾಯ. ಜನ ದುಬಾರಿ ಅಫೀಮು ಬಿಟ್ಟು ಈ ಎಲೆಗೆ ತಿರುಗಿದ್ದೇ ನಿಷೇಧಕ್ಕೆ ಕಾರಣ ಎನ್ನುತ್ತಾರೆ ಇತಿಹಾಸ ಬರೆದವರು. ಎಂಟು ದಶಕಗಳ ಬಳಿಕ, 2021ರ ಆಗಸ್ಟ್‌ನಲ್ಲಿ, ಮಾದಕ ವಸ್ತುಗಳ ಪಟ್ಟಿಯಿಂದ ಅದನ್ನು ತೆಗೆದರು. ಆದರೆ ಮರುವರ್ಷ ಬಂದ ಕಾನೂನು 18 ವರ್ಷಕ್ಕಿಂತ ಕೆಳಗಿನವರಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಮಾರುವುದನ್ನು ತಡೆಯಿತು. ಮಲೇಷ್ಯಾದಲ್ಲಿ ಇದರ ಹೆಸರು ‘ಕೆತುಮ್’. ಅಲ್ಲಿ 1952ರ ವಿಷ ಪದಾರ್ಥಗಳ ಕಾಯ್ದೆಯಡಿ ಇದಕ್ಕೆ ಕಡಿವಾಣವಿದ್ದರೂ ಉತ್ತರದ ಹಳ್ಳಿಗಳಲ್ಲಿ ಕುದಿಸಿದ ಕೆತುಮ್ ನೀರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಾರುತ್ತಾರೆ.

ಥಾಯ್ಲೆಂಡಿನ ದಕ್ಷಿಣ ತುದಿಯ ಪತ್ತಾನಿ, ಯಾಲಾ, ನರಾತಿವಾತ್ ಪ್ರಾಂತ್ಯಗಳಲ್ಲಿ ಬಹುಸಂಖ್ಯಾತರು ಮುಸ್ಲಿಮರು. ಅಲ್ಲಿ ಯುವಕರ ನಡುವೆ ಕ್ರಾಟಮ್ ಕಷಾಯಕ್ಕೆ ತಂಪು ಪಾನೀಯ ಮತ್ತು ಕೆಮ್ಮಿನ ಸಿರಪ್ ಬೆರೆಸಿ ಗುಂಪಿನಲ್ಲಿ ಕೂತು ಕುಡಿಯುವ ಚಟ ಹಬ್ಬಿತು. ‘ನಾಲ್ಕು ನೂರು’ ಎಂಬರ್ಥದ ಒಂದು ಗುಟ್ಟಿನ ಹೆಸರೂ ಅದಕ್ಕಿದೆ. ಸಂಶೋಧಕರು ಹೋಗಿ ಕೇಳಿದಾಗ ಆ ಹುಡುಗರು ಕೊಟ್ಟ ಕಾರಣಗಳಲ್ಲಿ ಒಂದು, ಮದ್ಯ ಹರಾಮ್, ಇದು ಎಲೆಯ ನೀರು ಎಂಬುದು. ಬಾಯಿಗೆ ವಾಸನೆ ಬರುವುದಿಲ್ಲ, ಮನೆಯವರಿಗೆ ತಿಳಿಯುವುದಿಲ್ಲ. ದೀನ್ ಬಲ್ಲ ಮನೆಗಳ ಮಕ್ಕಳು ಇಂತಹ ದಾರಿಯನ್ನು ಹುಡುಕಿಕೊಂಡದ್ದನ್ನು ಓದಿದಾಗ ನಮ್ಮ ಆರ್.ಟಿ. ನಗರದ, ಯಶವಂತಪುರದ ಹುಡುಗರ ಮುಖಗಳು ಕಣ್ಣ ಮುಂದೆ ಬಂದವು.

ಕ್ಯಾಬ್ ಓಡಿಸುವ ಆ ಯುವಕನನ್ನು ಇಶಾ ನಮಾಝಿನ ಬಳಿಕ ಕೂರಿಸಿಕೊಂಡು ಮಾತಾಡಿದೆ. ಬಿ.ಕಾಂ. ಓದಿದ ಹುಡುಗ. ಅವನ ವಾದ ಹಗುರವಾದದ್ದಲ್ಲ. ‘ಹಝ್ರತ್, ಕಾಫಿಯನ್ನೂ ಒಂದು ಕಾಲದಲ್ಲಿ ಹರಾಮ್ ಎಂದಿರಲಿಲ್ಲವೇ?’ ಎಂದು ಕೇಳಿದ.

ನಿಜ, ಅಂದಿದ್ದರು. ಯೆಮನ್‌ನ ಸೂಫಿಗಳು ರಾತ್ರಿಯ ಝಿಕ್ರ್‌ನಲ್ಲಿ ನಿದ್ದೆ ಬಾರದಿರಲೆಂದು ಕಾಫಿಯನ್ನು ದೊಡ್ಡ ಪಾತ್ರೆಯಲ್ಲಿ ಕಾಯಿಸಿ ಹಂಚಿ ಕುಡಿಯುತ್ತಿದ್ದರು. ಅದು ಮಕ್ಕಾಗೆ ಬಂದಾಗ, 1511ರಲ್ಲಿ, ಅಲ್ಲಿನ ಅಧಿಕಾರಿ ಖೈರ್ ಬೇಗ್ ಉಲಮಾ ಮತ್ತು ವೈದ್ಯರನ್ನು ಕರೆಸಿ ಸಭೆ ನಡೆಸಿ ಕಾಫಿಯನ್ನು ನಿಷೇಧಿಸಿದ. ಬೀದಿಯಲ್ಲಿ ಕಾಫಿ ಬೀಜ ಸುಟ್ಟರು. ಆದರೆ ಕೈರೋದಿಂದ ಆ ಕಟ್ಟುನಿಟ್ಟಿಗೆ ಬೆಂಬಲ ಸಿಗಲಿಲ್ಲ, ನಿಷೇಧ ನಿಲ್ಲಲಿಲ್ಲ. ಹಜ್ಜ್‌ನಿಂದ ಮರಳುವಾಗ ಬಾಬಾ ಬುಡನ್ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು ಎಂಬ ಪ್ರತೀತಿಯನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ಒಬ್ಬ ಸೂಫಿಯ ಕೈಯಿಂದ ಬಂದದ್ದನ್ನೇ ನಾವು ಇಂದು ಬೆಳಿಗ್ಗೆ ಫಿಲ್ಟರ್‌ನಲ್ಲಿ ಇಳಿಸಿ ಕುಡಿಯುತ್ತಿದ್ದೇವೆ.

ಹಾಗಾದರೆ ಕಾಫಿ ಗೆದ್ದದ್ದು ಹೇಗೆ? ಅದು ಬೀಜ, ಅದು ನೈಸರ್ಗಿಕ ಎಂಬ ಕಾರಣಕ್ಕಲ್ಲ. ಉಲಮಾ ಕೇಳಿದ್ದು ಒಂದೇ: ಇದು ಬುದ್ಧಿಯನ್ನು ಮುಚ್ಚುತ್ತದೆಯೇ? ಕುಡಿದವರನ್ನು ನೋಡಿದರು, ಸ್ವತಃ ಕುಡಿದೂ ನೋಡಿದರು. ಅದು ಎಚ್ಚರ ಕೊಡುತ್ತದೆ, ಮತ್ತು ಬರಿಸುವುದಿಲ್ಲ ಎಂದು ಖಚಿತವಾಯಿತು. ಅದೇ ಪ್ರಶ್ನೆಯನ್ನು ಕ್ರಾಟಮ್‌ಗೂ ಕೇಳಬೇಕು. ಕಾಫಿ ಬಿಟ್ಟವನಿಗೂ ಎರಡು ದಿನ ತಲೆನೋವು ಬರುತ್ತದೆ, ಒಪ್ಪುತ್ತೇನೆ. ನನಗೂ ರಮಝಾನಿನ ಮೊದಲ ದಿನಗಳಲ್ಲಿ ಬರುತ್ತದೆ. ಆದರೆ ಕಾಫಿ ಹೆಚ್ಚಾದರೆ ಮಂಪರು ಬಂದು ಉಸಿರು ನಿಧಾನವಾಗುವುದಿಲ್ಲ. ಒಂದೇ ಸಸ್ಯ ಕುಟುಂಬ, ಎರಡು ಬೇರೆ ಬೇರೆ ಹುಕುಮ್.

ಹಝ್ರತ್ ಉಮರ್(ರ) ಮಿಂಬರ್ ಮೇಲೆ ನಿಂತು ಕೊಟ್ಟ ವಿವರಣೆ ಬುಖಾರಿಯಲ್ಲಿದೆ. ಖಮ್ರ್‌ನ ನಿಷೇಧ ಇಳಿದಾಗ ಅದು ದ್ರಾಕ್ಷಿ, ಖರ್ಜೂರ, ಜೇನು, ಗೋಧಿ, ಜವೆ ಎಂಬ ಐದರಿಂದ ತಯಾರಾಗುತ್ತಿತ್ತು ಎಂದು ಹೇಳಿ, ಬುದ್ಧಿಯನ್ನು ಮುಚ್ಚುವುದೆಲ್ಲವೂ ಖಮ್ರ್ ಎಂದು ಅವರು ಸ್ಪಷ್ಟಪಡಿಸಿದರು. ಅಂದರೆ ಪಟ್ಟಿ ಐದಕ್ಕೇ ಮುಗಿಯಲಿಲ್ಲ. ಹೆಚ್ಚು ಪ್ರಮಾಣದಲ್ಲಿ ಮತ್ತೇರಿಸುವುದು ಅಲ್ಪ ಪ್ರಮಾಣದಲ್ಲೂ ನಿಷಿದ್ಧ ಎಂಬ ಹದೀಸ್ ಅಬೂ ದಾವೂದ್, ತಿರ್ಮಿದಿಗಳಲ್ಲಿದೆ. ಮತ್ತು ಬರಿಸುವುದರ ಜೊತೆಗೆ ಅಂಗಾಂಗಗಳನ್ನು ಜಡಗೊಳಿಸುವ ವಸ್ತುವನ್ನೂ ಪ್ರವಾದಿ(ಸ) ತಡೆದರೆಂದು ಉಮ್ಮು ಸಲಮಾ(ರ) ಹೇಳಿದ ವರದಿಯೂ ಅಬೂ ದಾವೂದ್‌ನಲ್ಲಿದೆ. ಅದರ ಅರಬಿ ಪದ ‘ಮುಫತ್ತಿರ್’. ಅಫೀಮು, ಭಂಗಿಗಳ ಬಗ್ಗೆ ಹಿಂದಿನ ಫುಕಹಾ ಚರ್ಚಿಸಿದಾಗ ಈ ಪದವನ್ನೇ ಹಿಡಿದು ನಡೆದವರು ಅನೇಕರು.

ಒಂದು ಮಾತನ್ನು ಮುಚ್ಚಿಡಬಾರದು. ದ್ರವರೂಪದ ಮದ್ಯಕ್ಕೂ ಮತ್ತು ತರುವ ಸಸ್ಯಗಳಿಗೂ ಫಿಕ್ಹ್ ಗ್ರಂಥಗಳಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಅಂತಹ ಸಸ್ಯವನ್ನು ಮತ್ತು ಬಾರದ ಪ್ರಮಾಣದಲ್ಲಿ, ನಿಜವಾದ ಚಿಕಿತ್ಸೆಗಾಗಿ, ಬಲ್ಲ ವೈದ್ಯರ ಸಲಹೆಯಂತೆ ಬಳಸಲು ಹನಫಿ, ಶಾಫಿಈ ಎರಡೂ ಕಡೆ ಅವಕಾಶ ಕೊಟ್ಟವರಿದ್ದಾರೆ. ಆಸ್ಪತ್ರೆಯಲ್ಲಿ ಮಾರ್ಫಿನ್ ಕೊಡುವುದೂ ಇದೇ ಆಧಾರದ ಮೇಲೆ. ಆದರೆ ಡೇಗ್ಚಿಯ ಕಥೆಯಲ್ಲಿ ವೈದ್ಯರೂ ಇಲ್ಲ, ಅಳತೆಯೂ ಇಲ್ಲ. ಆ ಯುವಕನ ಬಳಿ ಇದ್ದದ್ದು ಗೆಳೆಯನ ಮಾತು ಮತ್ತು ಪ್ಯಾಕೆಟ್ ಮೇಲಿನ ಬರಹ.

ಅಳತೆ ಇಲ್ಲ ಎಂದದ್ದೇಕೆಂದರೆ, ಒಟ್ಟಿಗೆ ದೊಡ್ಡ ಪ್ರಮಾಣದಲ್ಲಿ ಕುದಿಸುವುದರಲ್ಲೇ ಅಪಾಯ ಹೆಚ್ಚುತ್ತದೆ. ಪುಡಿ ತಳಕ್ಕೆ ಇಳಿಯುತ್ತದೆ. ಮೊದಲ ಬಾಟಲಿ ತೆಳು, ಕೊನೆಯದು ಗಟ್ಟಿ. ಒಂದು ಪ್ಯಾಕೆಟ್‌ನ ಬಲ ಇನ್ನೊಂದಕ್ಕಿಲ್ಲ. ಇಂದು ಒಂದು ಲೋಟ ಕುಡಿದು ಸುಮ್ಮನಿದ್ದವನು ನಾಳೆ ಅದೇ ಲೋಟದಲ್ಲಿ ದುಪ್ಪಟ್ಟು ಕುಡಿದಿರುತ್ತಾನೆ. ಫ್ರಿಡ್ಜ್‌ನಲ್ಲಿ ಕಣ್ಣೆದುರಿಗೇ ಇದ್ದಾಗ ಕೈ ತಾನಾಗಿ ಹೋಗುತ್ತದೆ. ಮನೆಯ ಮಕ್ಕಳು ಅಜ್ಜಿಯ ಕಷಾಯವೆಂದು ಕುಡಿದುಬಿಡಬಹುದು. ಪುಡಿಯೇ ಶುದ್ಧವಿಲ್ಲದಿದ್ದರೆ ಅದು ಬೇರೆ ತೊಂದರೆ: 2018ರಲ್ಲಿ ಅಮೆರಿಕದ 41 ರಾಜ್ಯಗಳಲ್ಲಿ 199 ಮಂದಿ ಕ್ರಾಟಮ್ ಪುಡಿಗಳಲ್ಲಿದ್ದ ಸಾಲ್ಮೊನೆಲ್ಲಾ ರೋಗಾಣುವಿನಿಂದ ಹಾಸಿಗೆ ಹಿಡಿದರು.

ಇದನ್ನು ಕೇಳಿ ಮನೆಯ ಕಷಾಯವನ್ನೇ ಯಾರೂ ಬಿಡಬೇಡಿ. ಖುತ್ಬಾ ಮುಗಿದ ಮೇಲೆ ಒಬ್ಬ ಹಿರಿಯರು ‘ಇನ್ನು ಶುಂಠಿ ಕಷಾಯವೂ ಬೇಡವೇ?’ ಎಂದು ಗಾಬರಿಯಿಂದ ಕೇಳಿದರು. ಶುಂಠಿ ಬೆರೆತ ಪಾನೀಯವನ್ನು ಅಲ್ಲಾಹನು ಸೂರಃ ಅಲ್-ಇನ್ಸಾನ್‌ನಲ್ಲಿ ಸ್ವರ್ಗದ ಪಾನೀಯವಾಗಿ ಹೆಸರಿಸಿದ್ದಾನೆ. ಯಶವಂತಪುರ ಮಂಡಿಯಿಂದ ಧನಿಯ, ಜೀರಿಗೆ, ಕಾಳುಮೆಣಸು, ಒಣಶುಂಠಿ ತಂದು ಹುರಿದು ಪುಡಿ ಮಾಡಿಟ್ಟುಕೊಳ್ಳುವ ನಮ್ಮ ತಾಯಂದಿರ ಪದ್ಧತಿ ಒಳ್ಳೆಯದೇ. 2020ರ ಕೋವಿಡ್ ದಿನಗಳಲ್ಲಿ ಆಯುಷ್ ಸಚಿವಾಲಯವೂ ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿಯ ಕಷಾಯವನ್ನು ಸೂಚಿಸಿತ್ತು. ಆದರೆ ಅದರಲ್ಲೂ ಅತಿ ಬೇಡ. ಅಮೃತಬಳ್ಳಿಯನ್ನು ದಿನವೂ ಕುಡಿದು ಯಕೃತ್ತು ಕೆಡಿಸಿಕೊಂಡವರೆಂದು ಮುಂಬೈಯ ವೈದ್ಯರು 2021ರಲ್ಲಿ ಆರು ರೋಗಿಗಳ ವರದಿ ಪ್ರಕಟಿಸಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು.

ಒಟ್ಟಿಗೆ ಮಾಡಿಡುವ ಪಾನೀಯದ ಬಗ್ಗೆ ಸುನ್ನತ್‌ನಲ್ಲಿ ಸುಂದರ ಮಾದರಿಯಿದೆ. ಪ್ರವಾದಿ(ಸ)ಯವರಿಗಾಗಿ ಒಣದ್ರಾಕ್ಷಿ ಅಥವಾ ಖರ್ಜೂರವನ್ನು ನೀರಲ್ಲಿ ನೆನೆಹಾಕಿ ‘ನಬೀಝ್’ ಮಾಡುತ್ತಿದ್ದರು. ಆ ದಿನ, ಮರುದಿನ, ಮೂರನೆಯ ದಿನದ ಸಂಜೆಯವರೆಗೆ ಅದನ್ನು ಕುಡಿಯುತ್ತಿದ್ದರು. ಅದರ ಮೇಲೂ ಉಳಿದರೆ ಕುಡಿಯುತ್ತಿರಲಿಲ್ಲ, ಚೆಲ್ಲಿಸುತ್ತಿದ್ದರು ಎಂದು ಇಬ್ನು ಅಬ್ಬಾಸ್(ರ) ವರದಿ ಮಾಡಿದ್ದು ಮುಸ್ಲಿಂನಲ್ಲಿದೆ. ಬೇಗ ಹುಳಿಯಿಸುವ ಕೆಲವು ಪಾತ್ರೆಗಳನ್ನು ಮೊದಲು ತಡೆದಿದ್ದರು. ಆಮೇಲೆ ಪಾತ್ರೆ ಯಾವುದನ್ನೂ ಹರಾಮ್ ಮಾಡುವುದಿಲ್ಲ, ಮತ್ತೇರಿಸುವುದೇ ಹರಾಮ್ ಎಂದು ಆ ತಡೆಯನ್ನು ತೆಗೆದರು. ಅರಬಸ್ತಾನದ ಬಿಸಿಲಲ್ಲಿ, ಫ್ರಿಡ್ಜ್ ಇಲ್ಲದ ಕಾಲದಲ್ಲಿ ಎಷ್ಟು ಎಚ್ಚರ ನೋಡಿ.

ಮನೆಯಲ್ಲಿ ಬೆಲ್ಲ ಹಾಕಿದ ಕಷಾಯಕ್ಕೂ ಅದೇ ಎಚ್ಚರ ಸಾಕು. ವಾರಕ್ಕಾಗುವಷ್ಟು ಕುದಿಸುವ ಬದಲು ಪುಡಿಯನ್ನು ಒಣಗಿಸಿಟ್ಟು ಬೇಕಾದಾಗ ಕುದಿಸಿ. ಇಫ್ತಾರ್‌ಗೆ ಅಥವಾ ಹೆಚ್ಚು ಜನರಿಗೆ ಮಾಡಿದಾಗ ಉಳಿದರೆ, ದೊಡ್ಡ ಡೇಗ್ಚಿಯಲ್ಲೇ ಬಿಟ್ಟರೆ ತಣಿಯಲು ಬಹಳ ಹೊತ್ತು ಬೇಕು, ಆ ಹೊತ್ತಿನಲ್ಲೇ ಕೆಡುತ್ತದೆ. ಸಣ್ಣ ಪಾತ್ರೆಗಳಿಗೆ ಹಂಚಿ ಎರಡು ಗಂಟೆಯೊಳಗೆ ಫ್ರಿಡ್ಜ್‌ಗೆ ಸೇರಿಸಿ, ಎರಡು ದಿನದಲ್ಲಿ ಮುಗಿಸಿ. ಗುಳ್ಳೆ ಎದ್ದರೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಹೆಸರು ಗೊತ್ತಿಲ್ಲದ ಸೊಪ್ಪು, ಪುಡಿ ಮನೆಗೆ ಬಂದರೆ ಒಲೆಗೆ ಇಡುವ ಮೊದಲು ಬಲ್ಲವರಿಗೆ ತೋರಿಸಿ. ನಮ್ಮ ಯಲಹಂಕದ ಪಕ್ಕ ಜಾರಕಬಂಡೆ ಕಾವಲ್‌ನಲ್ಲೇ ಔಷಧಿ ಸಸ್ಯಗಳನ್ನು ಅಧ್ಯಯನ ಮಾಡುವ ಸಂಸ್ಥೆಯೂ ಆಯುರ್ವೇದ ಆಸ್ಪತ್ರೆಯೂ ಇದೆ. ಅಷ್ಟು ಹತ್ತಿರ ಇಟ್ಟುಕೊಂಡು ನಾವು ಪಾರ್ಸೆಲ್ ಪ್ಯಾಕೆಟ್ ಓದುತ್ತೇವೆ.

ಈಗ ಆ ಮನೆಯ ವಿಷಯ. ನನ್ನ ತಪ್ಪು ತಿಳಿದ ದಿನವೇ ಹೋಗಿ ತಾಯಿಯ ಮುಂದೆ ಒಪ್ಪಿಕೊಂಡೆ. ಅವರು ಕೂಡಲೇ ಎದ್ದು ಬಾಟಲಿಗಳನ್ನೆಲ್ಲ ಸಿಂಕ್‌ಗೆ ಸುರಿಯಹೋದರು. ನಾನು ತಡೆದೆ. ಇದನ್ನು ಓದುವ ಕೆಲವರಿಗೆ ಆಶ್ಚರ್ಯವಾಗಬಹುದು: ಹರಾಮ್ ಎಂದ ಮೇಲೆ ತಡೆಯುವುದೇಕೆ? ದಿನಕ್ಕೆ ನಾಲ್ಕು ಲೋಟಕ್ಕೆ ದೇಹ ಒಗ್ಗಿಹೋದವನು ಒಂದೇ ದಿನದಲ್ಲಿ ನಿಲ್ಲಿಸಿದರೆ ಸಂಕಟ ತಾಳಲಾರದೆ ಇನ್ನೂ ಕೆಟ್ಟದ್ದಕ್ಕೆ ಕೈ ಚಾಚಬಹುದು. ವೈದ್ಯರ ಉಸ್ತುವಾರಿಯಲ್ಲಿ ಹಂತಹಂತವಾಗಿ ಇಳಿಸುವುದು ಚಿಕಿತ್ಸೆ, ಅದು ಬಿಡುವ ದಾರಿಯೇ. ಹದಿನೈದು ದಿನದ ಅರ್ಧ ಲೋಟದ ತಂದೆ ಅಂದೇ ಬಿಟ್ಟರು, ಮೂರು ದಿನ ಸ್ವಲ್ಪ ಚಡಪಡಿಸಿದರು, ಅಷ್ಟೇ. ಮಗನನ್ನು ಮರುದಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋದೆವು. ‘ಹುಚ್ಚಾಸ್ಪತ್ರೆಗೆ ಹೋದೆನೆಂದು ತಿಳಿದರೆ ನನಗೆ ಹೆಣ್ಣು ಯಾರು ಕೊಡುತ್ತಾರೆ’ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದ. ಅದಕ್ಕೇ ಅವನ ಗುರುತು ಸಿಗದಂತೆ ಬರೆದಿದ್ದೇನೆ, ಯಾರೆಂದು ಹುಡುಕಬೇಡಿ. ರಾತ್ರಿ ಪಾಳಿ ಬಿಟ್ಟು ಹಗಲಿನ ಪಾಳಿಗೆ ಬಂದಿದ್ದಾನೆ. ಸೊಂಟನೋವಿಗೆ ಫಿಸಿಯೋಥೆರಪಿ ನಡೆಯುತ್ತಿದೆ, ನೋವು ಪೂರ್ತಿ ಹೋಗಿಲ್ಲ.

ಆಸ್ಪತ್ರೆಗೆ ಹೋಗಲು ಹಿಂಜರಿಯುವವರು ಮೊದಲು ಫೋನಿನಲ್ಲಿ ಮಾತಾಡಬಹುದು. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಂಖ್ಯೆ 14416, ಮಾದಕ ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446. ಎರಡಕ್ಕೂ ಹಣವಿಲ್ಲ. ಮನೆಯಲ್ಲಿ ಪುಡಿ ಉಳಿದಿದ್ದರೆ ಬೇರೆಯವರಿಗೆ ಕೊಡಬೇಡಿ, ಮಾರಲೂಬೇಡಿ. ಯಾವ ಪುಡಿಯೆಂದು ವೈದ್ಯರಿಗೆ ತಿಳಿಯಲು ಪ್ಯಾಕೆಟ್ ಮಾತ್ರ ಜೊತೆಗೆ ಒಯ್ಯಿರಿ.