ಸರ, ಮೊಬೈಲ್ ಕಸಿತ: ಯಾವ ಠಾಣೆಯಲ್ಲಿ ದೂರು ನೀಡಬೇಕು?

ಶಿವಾಜಿನಗರದಿಂದ ಹಲಸೂರು, ಇಂದಿರಾನಗರ ಮಾರ್ಗವಾಗಿ ಕೃಷ್ಣರಾಜಪುರಕ್ಕೆ ಹೋಗುವವರು ಹಲವು ಪೊಲೀಸ್ ಠಾಣೆಗಳ ಸರಹದ್ದನ್ನು ದಾಟುತ್ತಾರೆ. ಮಾರ್ಗಮಧ್ಯೆ ಸರ ಅಥವಾ ಮೊಬೈಲನ್ನು ಯಾರಾದರೂ ಕಸಿದುಕೊಂಡಲ್ಲಿ, ಸ್ಥಳವು ಯಾವ ಠಾಣೆಗೆ ಸೇರಿದೆಯೆಂದು ತಿಳಿಯದ ಕಾರಣಕ್ಕೆ ದೂರು ನೀಡಲು ತಡಮಾಡಬಾರದು.

ತಕ್ಷಣ ಮಾಡಬೇಕಾದುದು
ಸುರಕ್ಷಿತ ಸ್ಥಳಕ್ಕೆ ತೆರಳಿ 112ಕ್ಕೆ ಕರೆ ಮಾಡಿರಿ. ಸಮಯ, ಹತ್ತಿರದ ಗುರುತು, ವಾಹನದ ಸಂಖ್ಯೆ, ಆರೋಪಿಯು ಪರಾರಿಯಾದ ದಿಕ್ಕನ್ನು ತಿಳಿಸಿರಿ. ಕಳೆದುಹೋದ ಫೋನಿನ ಮೂಲಕ ಹಣ ವರ್ಗಾವಣೆಯಾಗಿದ್ದಲ್ಲಿ 1930ಕ್ಕೂ ಕರೆ ಮಾಡಿರಿ.

ದೂರು ದಾಖಲಿಸುವ ವಿಧಾನ
ಕಸಿದುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 304ರ ಅಡಿ ಸಂಜ್ಞೇಯ ಅಪರಾಧವಾಗಿರುತ್ತದೆ. 1-7-2024ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರನ್ವಯ, ಇಂತಹ ಅಪರಾಧವು ಎಲ್ಲಿಯೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದಾಗಿದೆ. ಅಲ್ಲಿ ಝೀರೋ ಎಫ್.ಐ.ಆರ್. ದಾಖಲಾಗಿ ಸಂಬಂಧಿತ ಠಾಣೆಗೆ ವರ್ಗಾವಣೆಯಾಗುತ್ತದೆ.

• ಬಾಯಿಮಾತಿನ ದೂರನ್ನು ಬರೆದುಕೊಂಡು, ಓದಿ ಹೇಳಿದ ನಂತರ ಸಹಿ ಪಡೆಯಲಾಗುವುದು.
• ವಿದ್ಯುನ್ಮಾನ ಮಾಧ್ಯಮದ ಮೂಲಕ ನೀಡಿದ ದೂರಿಗೆ 3 ದಿನಗಳೊಳಗೆ ಸಹಿ ಮಾಡತಕ್ಕದ್ದು.
• ಎಫ್.ಐ.ಆರ್. ಪ್ರತಿಯನ್ನು ಉಚಿತವಾಗಿ ನೀಡಲಾಗುವುದು.
• ಮೊಬೈಲಿನ ಐ.ಎಂ.ಇ.ಐ. ಸಂಖ್ಯೆ ಹಾಗೂ ದೂರಿನ ಪ್ರತಿಯೊಂದಿಗೆ ಸಿ.ಇ.ಐ.ಆರ್. ಜಾಲತಾಣದಲ್ಲಿ ಫೋನನ್ನು ಸ್ಥಗಿತಗೊಳಿಸಬಹುದು.

ದೂರನ್ನು ದಾಖಲಿಸಲು ನಿರಾಕರಿಸಿದಲ್ಲಿ
ದೂರಿನ ಸಾರಾಂಶವನ್ನು ಬರವಣಿಗೆಯಲ್ಲಿ, ಅಂಚೆ ಮೂಲಕ ವಿಭಾಗದ ಉಪ ಪೊಲೀಸ್ ಆಯುಕ್ತರಿಗೆ ಕಳುಹಿಸಬಹುದು. ಆಗಲೂ ಕ್ರಮವಾಗದಿದ್ದಲ್ಲಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಠಾಣೆಯ ಸರಹದ್ದನ್ನು ನಿರ್ಧರಿಸುವುದು ಪೊಲೀಸರ ಕೆಲಸವೇ ಹೊರತು ದೂರುದಾರರದ್ದಲ್ಲ.