ಉಮೆಯ ಭರಣಿ

ಮಳೆಗೆ ಹೂವಿನ ಹೆಸರು ನಮ್ಮಲ್ಲಿಯೂ ಉಂಟು. ಬೇಸಿಗೆಯಲ್ಲಿ ಬಿದ್ದು ಕಾಫಿ ಗಿಡಗಳನ್ನು ಅರಳಿಸುವ ಮಳೆಯನ್ನು ಕೊಡಗಿನ ಬೆಳೆಗಾರರು ‘ಹೂಮಳೆ’ಯೆಂದು ಕರೆಯುವರು. ಜಪಾನೀಯರಾದರೋ ತಮ್ಮ ಮಳೆಗಾಲವನ್ನೇ ಒಂದು ಹಣ್ಣಿನ ಹೆಸರಿನಿಂದ ಬರೆಯುತ್ತಾರೆ. ಜೂನ್ ತಿಂಗಳಲ್ಲಿ ಹಿಡಿದು ಜುಲೈ ತಿಂಗಳ ನಡುಭಾಗದವರೆಗೂ ಸುರಿಯುವ ಆ ಮಳೆಗೆ ‘ತ್ಸುಯು’ ಎಂದು ಹೆಸರು. ಅದನ್ನು ಬರೆಯುವ ಎರಡು ಚಿತ್ರಾಕ್ಷರಗಳಲ್ಲಿ ಒಂದಕ್ಕೆ ‘ಮಳೆ’ಯೆಂದು ಅರ್ಥ, ಇನ್ನೊಂದಕ್ಕೆ ‘ಉಮೆ’ಯೆಂದು ಅರ್ಥ.

ಈ ಉಮೆಯ ಕಾಯಿಗಳು ಬಲಿತು ಅಂಗಡಿಗೆ ಬರುವ ದಿನಗಳಲ್ಲಿ ಅಲ್ಲಿಯ ಎಷ್ಟೋ ಮನೆಗಳ ಅಡುಗೆಕೋಣೆಯಲ್ಲಿ ದೊಡ್ಡ ಗಾಜಿನ ಭರಣಿಗಳು ಕೆಳಗಿಳಿಯುತ್ತವೆ. ಹಿತ್ತಿಲಲ್ಲಿ ಮರವಿದ್ದವರು ಕಾಯಿ ಕೀಳುತ್ತಾರೆ. ಇಲ್ಲದವರು ಕೊಂಡು ತರುತ್ತಾರೆ. ಕಾಯಿ, ಕಲ್ಲುಸಕ್ಕರೆ, ಮದ್ಯ—ಈ ಮೂರೂ ಭರಣಿಯನ್ನು ಸೇರಿ ಒಂದು ವರ್ಷದಲ್ಲಿ ‘ಉಮೆಶು’ ಎಂಬ ಹೊಂಬಣ್ಣದ ಪಾನೀಯವಾಗುತ್ತವೆ.

ಮದ್ಯದ ಮಾತೆತ್ತಿದೊಡನೆ ವಾಚಕರಲ್ಲಿ ಕೆಲವರು ಹುಬ್ಬುಗಂಟಿಕ್ಕಬಹುದು. ಅದು ಸಹಜವೇ. ಪಾನನಿಷೇಧದ ಕಡೆಗೆ ಸಾಗಬೇಕೆಂದು ನಮ್ಮ ಸಂವಿಧಾನದ 47ನೆಯ ವಿಧಿಯೇ ಹೇಳಿದೆ. ಕುಡಿತದಿಂದ ಹಾಳಾದ ಸಂಸಾರಗಳನ್ನು ಕಾಣದ ಊರು ನಮ್ಮಲ್ಲಿಲ್ಲ. ಕುಡಿಯಿರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಮನೆಯ ಕಾಯಿಯನ್ನು ಭರಣಿಗಿಳಿಸುವ ಗೃಹಿಣಿಗೂ ಮದ್ಯದ ಪ್ರತಿ ಹನಿಗೂ ತೆರಿಗೆ ಬೇಡುವ ಸರ್ಕಾರಕ್ಕೂ ನಡುವೆ ಗೆರೆಯನ್ನು ಎಲ್ಲಿ ಎಳೆಯಬೇಕು? ಈ ಪ್ರಶ್ನೆಗೆ ಜಪಾನು ಕೊಟ್ಟ ಉತ್ತರ ತಿಳಿಯತಕ್ಕದ್ದಾಗಿದೆ.

ಹೂವು ಮಾನ್ಯ, ಕಾಯಿ ಕಠಿಣ

ಉಮೆ ಚೀನಾ ದೇಶದಿಂದ ಬಂದ ಮರ. ಜರ್ದಾಳು ಹಣ್ಣಿನ ಹತ್ತಿರದ ಬಂಧು. ಚಳಿ ಇನ್ನೂ ಪೂರ್ತಿ ಹಿಂದೆಗೆಯದಿರುವಾಗಲೇ ಬೋಳು ಕೊಂಬೆಗಳಲ್ಲಿ ಹೂವು ಬಿಡುತ್ತದೆ. ಎಂಟನೆಯ ಶತಮಾನದ ‘ಮಾನ್ಯೋಶು’ ಎಂಬ ಜಪಾನೀ ಕವಿತಾಸಂಗ್ರಹದಲ್ಲಿ ಉಮೆಯನ್ನು ಕುರಿತ ಕವಿತೆಗಳು ನೂರಕ್ಕೂ ಹೆಚ್ಚಿವೆ. ಇಂದು ಲೋಕಪ್ರಸಿದ್ಧವಾದ ಚೆರ್ರಿ ಹೂವಿಗೆ ಅಲ್ಲಿ ಅಷ್ಟು ಪಾಲಿಲ್ಲ. ಕ್ರಿ.ಶ. 730ರಲ್ಲಿ ದಝಾಯಿಫುವಿನಲ್ಲಿ ನಡೆದ ಉಮೆ ಹೂವಿನ ಗೋಷ್ಠಿಯೊಂದರ ಕವಿತೆಗಳಿಗೆ ಬರೆದ ಮುನ್ನುಡಿಯಿಂದಲೇ 2019ರಲ್ಲಿ ಆರಂಭವಾದ ‘ರೇಯಿವಾ’ ಶಕೆಯ ಹೆಸರನ್ನು ಆರಿಸಿಕೊಳ್ಳಲಾಯಿತು.

ಹೂವಿಗೆ ಇಷ್ಟು ಗೌರವವಿದ್ದರೂ ಕಾಯಿ ಮಾತ್ರ ಹಾಗೆಯೇ ತಿನ್ನುವಂಥದಲ್ಲ. ಹುಳಿ ವಿಪರೀತ, ಸಾಲದುದಕ್ಕೆ ಹಸಿರು ಕಾಯಿಯಲ್ಲಿಯೂ ಅದರ ಬೀಜದಲ್ಲಿಯೂ ಸಯನೈಡ್ ವಿಷವನ್ನು ಬಿಡಬಲ್ಲ ಅಂಶವಿದೆ. ಆದುದರಿಂದ ಅದನ್ನು ಮೊದಲು ಪಳಗಿಸಬೇಕು. ಉಪ್ಪಿನಲ್ಲಿ ಹಾಕಿ ಬಿಸಿಲಿಗೊಣಗಿಸಿದರೆ ಅದು ‘ಉಮೆಬೊಶಿ’, ಅಂದರೆ ಅವರ ಉಪ್ಪಿನಕಾಯಿ. ಮದ್ಯದಲ್ಲಿ ನೆನೆಹಾಕಿದರೆ ಉಮೆಶು. ಈ ಎರಡನೆಯ ಪದ್ಧತಿಯೂ ಹಳೆಯದೇ. 1697ರಲ್ಲಿ ಪ್ರಕಟವಾದ ‘ಹೊಂಚೊ ಶೊಕ್ಕಾನ್’ ಎಂಬ ಆಹಾರಗ್ರಂಥದಲ್ಲಿ ಅದರ ವಿವರವಿದೆ. ಇಂದು ಆ ದೇಶದ ಉಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ವಾಕಯಾಮ ಪ್ರಾಂತ್ಯದಿಂದಲೇ ಬರುತ್ತದೆ. ಅಲ್ಲಿಯ ಮಿನಾಬೆ ಊರಿನ ‘ನಂಕೊ’ ತಳಿಗೆ ಮನ್ನಣೆ ಹೆಚ್ಚು.

ಭರಣಿಗಿಳಿಸುವ ಕ್ರಮ

ರೂಢಿಯ ಅಳತೆ ಇದು: ಹಸಿರು ಕಾಯಿ ಒಂದು ಕಿಲೋ, ಕಲ್ಲುಸಕ್ಕರೆ ಅರ್ಧ ಕಿಲೋದಿಂದ ಒಂದು ಕಿಲೋ, ಶೇಕಡಾ 35ರಷ್ಟು ಮದ್ಯಸಾರವಿರುವ, ಬಣ್ಣ ವಾಸನೆಗಳಿಲ್ಲದ ‘ಶೋಚು’ 1.8 ಲೀಟರು. 1.8 ಲೀಟರೆಂದರೆ ಅವರ ಹಳೆಯ ಅಳತೆಯಲ್ಲಿ ಒಂದು ‘ಶೊ’. ನಮ್ಮ ಸೇರು ಪಾವುಗಳಂತೆ ಆ ಅಳತೆ ಸೀಸೆಯ ರೂಪದಲ್ಲಿ ಇಂದಿಗೂ ಉಳಿದಿದೆ.

ಗಾಯವಿಲ್ಲದ ಕಾಯಿಗಳನ್ನು ಆರಿಸಿ, ತೊಳೆದು, ಕೆಲವು ಗಂಟೆ ನೀರಿನಲ್ಲಿಟ್ಟು, ಒಂದೊಂದನ್ನೇ ಬಟ್ಟೆಯಿಂದ ಒರೆಸುವರು. ತೇವ ಉಳಿಯಬಾರದು. ತೊಟ್ಟಿನ ಚೂರನ್ನು ಬಿದಿರಿನ ಕಡ್ಡಿಯಿಂದ ಎಬ್ಬಿಸಿ ತೆಗೆಯುವರು. ಬಿಟ್ಟರೆ ಕಹಿ ಬರುವುದೆಂದು ಹೇಳುತ್ತಾರೆ. ಕುದಿನೀರಿನಿಂದ ತೊಳೆದು ಒಣಗಿಸಿದ ಭರಣಿಯಲ್ಲಿ ಒಂದು ಪದರ ಕಾಯಿ, ಒಂದು ಪದರ ಕಲ್ಲುಸಕ್ಕರೆ, ಮತ್ತೆ ಕಾಯಿ, ಮತ್ತೆ ಸಕ್ಕರೆ—ಹೀಗೆ ತುಂಬಿ ಮೇಲಿನಿಂದ ಶೋಚುವನ್ನು ಹೊಯ್ದು ಮುಚ್ಚುವರು. ಮುಚ್ಚಳದ ಮೇಲೆ ತಾರೀಖು ಬರೆದು ತಂಪಾದ ಕತ್ತಲೆಯ ಮೂಲೆಯಲ್ಲಿಟ್ಟರೆ ಕೈಕೆಲಸ ಮುಗಿಯಿತು. ಆಗಾಗ ಭರಣಿಯನ್ನು ಮೆಲ್ಲಗೆ ಅಲುಗಿಸಿದರೆ ಸಾಕು. ಮೂರು ತಿಂಗಳಿಗೆ ರುಚಿ ಕಟ್ಟುತ್ತದೆ. ಆರು ತಿಂಗಳಿಂದ ಒಂದು ವರ್ಷಕ್ಕೆ ಪಕ್ವವಾಗುತ್ತದೆ. ಅನಂತರ ಕಾಯಿಗಳನ್ನು ತೆಗೆದು ದ್ರವವನ್ನು ಮಾತ್ರ ಉಳಿಸುವುದುಂಟು.

ಪುಡಿಸಕ್ಕರೆ ಏಕೆ ಬಾರದು?

ಕಲ್ಲುಸಕ್ಕರೆಯೇ ಏಕೆಂಬ ಪ್ರಶ್ನೆಗೆ ಉತ್ತರ ನಮ್ಮ ಮಲೆನಾಡಿನ ಮನೆಗಳಲ್ಲಿಯೇ ಇದೆ. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿದರೆ ಅದು ಕೆಲವೇ ದಿನಗಳಲ್ಲಿ ನೀರು ಬಿಟ್ಟು ಸುಕ್ಕುಗಟ್ಟುತ್ತದೆ. ಹೊರಗಿನ ಉಪ್ಪು ಒಳಗಿನ ನೀರನ್ನು ಸೆಳೆಯುತ್ತದೆ; ವಿಜ್ಞಾನದಲ್ಲಿ ಇದಕ್ಕೆ ‘ಅಭಿಸರಣೆ’ಯೆಂದು ಹೆಸರು. ಮಿಡಿ ಸುಕ್ಕಾಗಲಿ ಎಂಬುದೇ ನಮ್ಮವರ ಬಯಕೆ. ಉಮೆಶುವಿನಲ್ಲಿ ಆ ಸುಕ್ಕು ತಡವಾಗಿ ಬರಬೇಕು.

ಪುಡಿಸಕ್ಕರೆ ಬೇಗ ಕರಗಿಬಿಡುತ್ತದೆ. ಆಗ ಹೊರಗಿನ ದ್ರವ ಮೊದಲ ದಿನಗಳಲ್ಲೇ ಗಾಢವಾಗಿ, ಮದ್ಯಸಾರ ಕಾಯಿಯೊಳಕ್ಕೆ ಚೆನ್ನಾಗಿ ಇಳಿಯುವ ಮೊದಲೇ ಕಾಯಿ ಮುದುಡುತ್ತದೆ. ಅದರ ಪರಿಮಳ ಒಳಗೇ ಸಿಕ್ಕಿಕೊಳ್ಳುತ್ತದೆ. ಕಲ್ಲುಸಕ್ಕರೆ ಕರಗುವುದು ನಿಧಾನ. ಮೊದಲು ಮದ್ಯ ಕಾಯಿಯೊಳಕ್ಕೆ ನುಗ್ಗಿ ಅಲ್ಲಿಯ ಹುಳಿಯನ್ನೂ ಗಂಧವನ್ನೂ ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಸಕ್ಕರೆ ಮೆಲ್ಲಮೆಲ್ಲನೆ ಕರಗಿ ಹೊರಗಿನ ದ್ರವ ಗಾಢವಾದಂತೆಲ್ಲ ಒಳಗಿನ ರಸ ಅದೆಲ್ಲವನ್ನೂ ಹೊತ್ತುಕೊಂಡು ಹೊರಕ್ಕೆ ಬರುತ್ತದೆ. ಇಲ್ಲಿ ಒಲೆಯಿಲ್ಲ, ಭಟ್ಟಿಯಿಲ್ಲ, ಹುಳಿಯೇಳಿಸುವ ಹುದುಗೂ ಇಲ್ಲ. ಕೊಂಡು ತಂದ ಮದ್ಯಕ್ಕೆ ಹೊಸ ಮದ್ಯವೇನೂ ಸೇರುವುದಿಲ್ಲ; ಕಾಯಿಯ ರಸ ಸೇರಿ ಅದರ ತೀಕ್ಷ್ಣತೆ ಇಳಿಯುತ್ತದೆ. ಕಾನೂನಿನ ಮಾತು ಹುಟ್ಟುವುದು ಇಲ್ಲಿಯೇ.

ಶೇಕಡಾ ಇಪ್ಪತ್ತರ ಗೆರೆ

ಜಪಾನು 1899ರಲ್ಲಿ ಮನೆಯಲ್ಲಿ ಮದ್ಯ ತಯಾರಿಸುವುದನ್ನು ಪೂರ್ತಿಯಾಗಿ ನಿಷೇಧಿಸಿತು. ಕಾರಣ ನೀತಿಯಲ್ಲ, ಬೊಕ್ಕಸ. ಆಗಿನ ಸರ್ಕಾರದ ತೆರಿಗೆಯ ಆದಾಯದಲ್ಲಿ ಸುಮಾರು ಮೂರರಲ್ಲೊಂದು ಪಾಲು ಮದ್ಯದ ತೆರಿಗೆಯಿಂದಲೇ ಬರುತ್ತಿತ್ತು. ಸೈನ್ಯವನ್ನು ಬೆಳೆಸಲು ಹಣ ಬೇಕಾಗಿತ್ತು. ರೈತರು ತಲೆಮಾರುಗಳಿಂದ ಮನೆಯಲ್ಲಿ ಹುಳಿಹಾಕುತ್ತಿದ್ದ ಅಕ್ಕಿಯ ‘ದೊಬುರೊಕು’ ಒಮ್ಮೆಗೇ ಅಪರಾಧವಾಯಿತು. ಮದ್ಯಕ್ಕೆ ಬೇರೊಂದು ವಸ್ತುವನ್ನು ಬೆರೆಸಿದರೂ ಕಾನೂನಿನ ದೃಷ್ಟಿಯಲ್ಲಿ ಅದು ಹೊಸ ಮದ್ಯದ ತಯಾರಿಕೆಯೇ. ಹೀಗಾಗಿ ಉಮೆಯ ಭರಣಿಗೂ ಕಾನೂನಿನ ಒಪ್ಪಿಗೆಯಿರಲಿಲ್ಲ. ಆದರೂ ಮನೆಗಳಲ್ಲಿ ಭರಣಿಗಳು ತುಂಬುತ್ತಲೇ ಇದ್ದುವು.

1962ರಲ್ಲಿ ಮದ್ಯತೆರಿಗೆಯ ಕಾನೂನಿಗೆ ತಿದ್ದುಪಡಿಯಾಗಿ ಈ ಭರಣಿಗೆ ವಿನಾಯಿತಿ ದೊರೆಯಿತು. ಷರತ್ತುಗಳು ಸ್ಪಷ್ಟವಾಗಿವೆ. ನೆನೆಹಾಕುವ ಮದ್ಯ ತೆರಿಗೆ ಕಟ್ಟಿದುದಾಗಿರಬೇಕು. ಅದರಲ್ಲಿ ಶೇಕಡಾ 20ಕ್ಕೆ ಕಡಮೆಯಿಲ್ಲದಷ್ಟು ಮದ್ಯಸಾರವಿರಬೇಕು. ಅಕ್ಕಿ, ಬಾರ್ಲಿ, ಜೋಳ ಮೊದಲಾದ ಧಾನ್ಯಗಳನ್ನೂ ದ್ರಾಕ್ಷಿಯನ್ನೂ ಹಾಕಕೂಡದು. ಮನೆಯವರ ಬಳಕೆಗೆ ಮಾತ್ರ, ಮಾರಕೂಡದು. ಅನುಮತಿಯಿಲ್ಲದೆ ಮದ್ಯ ತಯಾರಿಸಿದವರಿಗೆ ಹತ್ತು ವರ್ಷಗಳವರೆಗೆ ಸೆರೆಮನೆ ಇಲ್ಲವೆ ಹತ್ತು ಲಕ್ಷ ಯೆನ್‌ವರೆಗೆ ದಂಡ ವಿಧಿಸಲು ಆ ಕಾನೂನಿನಲ್ಲಿ ಅವಕಾಶವಿದೆ.

ಇಪ್ಪತ್ತು ಎಂಬ ಸಂಖ್ಯೆ ಆಕಾಶದಿಂದ ಬಿದ್ದುದಲ್ಲ. ಸಕ್ಕರೆಯನ್ನು ಮದ್ಯಸಾರವಾಗಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿ ತಾನು ಹುಟ್ಟಿಸಿದ ಮದ್ಯಸಾರದಲ್ಲಿ ತಾನೇ ಬದುಕಲಾರದು. ಶೇಕಡಾ 20ರ ಆಸುಪಾಸಿನಲ್ಲಿ ಅದರ ಆಟ ನಿಲ್ಲುತ್ತದೆ. ಅದಕ್ಕೆ ಕಡಮೆಯಿದ್ದರೆ ಹಣ್ಣೂ ಸಕ್ಕರೆಯೂ ಸೇರಿ ಭರಣಿಯೊಳಗೆ ಹೊಸ ಮದ್ಯ ಹುಟ್ಟಬಹುದು. ಹೆಚ್ಚಿದ್ದರೆ ನೆನೆಯುವಿಕೆ ಮಾತ್ರ. ಹುಳಿಹಿಡಿದು ಕೆಡದಿರಲೆಂದು ಗೃಹಿಣಿ ತೀಕ್ಷ್ಣವಾದ ಮದ್ಯವನ್ನು ಆರಿಸಿಕೊಳ್ಳುತ್ತಾಳೆ. ತೆರಿಗೆ ತಪ್ಪದಿರಲೆಂದು ಸರ್ಕಾರವೂ ಅದನ್ನೇ ಕೇಳುತ್ತದೆ.

ಈ ಗೆರೆಯನ್ನು ಅರಿಯದೆ ದಾಟಿದವರೂ ಉಂಟು. 2007ರಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರಸಂಸ್ಥೆಯಾದ ಎನ್.ಎಚ್.ಕೆ. ತನ್ನ ಅಡುಗೆಯ ಕಾರ್ಯಕ್ರಮವೊಂದರಲ್ಲಿ ‘ಮಿರಿನ್’ ಎಂಬ ಸಿಹಿಮದ್ಯದಿಂದ ಉಮೆಶು ಮಾಡುವುದನ್ನು ತೋರಿಸಿ, ಅದರ ಮದ್ಯಸಾರ ಇಪ್ಪತ್ತಕ್ಕಿಂತ ಕಡಮೆಯೆಂದು ತಿಳಿದ ಬಳಿಕ ಕ್ಷಮೆ ಕೇಳಬೇಕಾಯಿತು. ಅರಿತೇ ದಾಟಿದವರು ಮಾಯೆದಾ ತೋಶಿಹಿಕೊ. ತನ್ನ ಮನೆಗಾಗಿ ಮದ್ಯ ಮಾಡಿಕೊಳ್ಳುವುದು ಪ್ರಜೆಯ ಸ್ವಾತಂತ್ರ್ಯವೆಂದು ವಾದಿಸಿ ಅವರು ಬಹಿರಂಗವಾಗಿಯೇ ದೊಬುರೊಕು ತಯಾರಿಸಿದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, ತೆರಿಗೆಗಾಗಿ ವಿಧಿಸಿದ ನಿಷೇಧ ಸಂವಿಧಾನಕ್ಕೆ ವಿರುದ್ಧವಲ್ಲವೆಂದು 1989ರ ಡಿಸೆಂಬರಿನಲ್ಲಿ ತೀರ್ಪಾಯಿತು. ಉಮೆಯ ಭರಣಿಗೆ ದೊರೆತ ಕ್ಷಮೆ ಅಕ್ಕಿಯ ಗಡಿಗೆಗೆ ದೊರೆಯಲಿಲ್ಲ.

ನಮ್ಮಲ್ಲಿ

ನಮ್ಮ ಕೊಡಗಿನ ಮನೆಗಳಲ್ಲಿ ದ್ರಾಕ್ಷಿ, ನೆಲ್ಲಿಕಾಯಿ, ಶುಂಠಿ, ಪ್ಯಾಶನ್ ಹಣ್ಣುಗಳಿಂದ ವೈನ್ ತಯಾರಿಸುವ ರೂಢಿ ಉಂಟು. ಅದು ಸಕ್ಕರೆಯೂ ಯೀಸ್ಟೂ ಸೇರಿ ಹುಳಿಯೇಳುವ ಕ್ರಮವಾದುದರಿಂದ ಜಪಾನಿನ ಗೆರೆಯ ಪ್ರಕಾರ ನಿಷಿದ್ಧವಾದ ಕಡೆಗೇ ಬೀಳುತ್ತದೆ. ನಮ್ಮ ರಾಜ್ಯದಲ್ಲಿಯೂ 1965ರ ಅಬಕಾರಿ ಕಾನೂನಿನ ಪ್ರಕಾರ ಅನುಮತಿಪತ್ರವಿಲ್ಲದೆ ಮದ್ಯ ತಯಾರಿಸುವಂತಿಲ್ಲ; ಇದನ್ನೋದಿ ಭರಣಿ ತೊಳೆಯಲು ಹೊರಡುವವರು ಅದನ್ನು ಮರೆಯಬಾರದು.

ಕಾನೂನು ಕಟುವಾಗಿರಲು ಕಾರಣವೂ ಇದೆ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಮದ್ಯಸಾರ ಬೆರೆತ ಕಳ್ಳಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಲ್ಲಿದ್ದುದು ಅಡುಗೆಮನೆಯ ಭರಣಿಯಲ್ಲ. ಬಡವನ ಬಾಯಾರಿಕೆಯನ್ನು ಲಾಭಕ್ಕೆ ತಿರುಗಿಸಿದ ಕಳ್ಳವ್ಯಾಪಾರ. ಮಾರುವುದಕ್ಕಾಗಿ ಮಾಡುವವನಿಗೂ ಮನೆಮಂದಿಗಾಗಿ ಮಾಡುವವಳಿಗೂ ಇರುವ ಈ ಅಂತರವನ್ನು 1962ರ ಜಪಾನೀ ತಿದ್ದುಪಡಿ ಗುರುತಿಸಿತು. 2008ರಲ್ಲಿ ಆ ದೇಶ ಇನ್ನೊಂದು ಹೆಜ್ಜೆ ಮುಂದಿಟ್ಟು, ತಂಗುಮನೆ, ಉಪಾಹಾರಗೃಹಗಳವರು ತಾವೇ ನೆನೆಹಾಕಿದ ಹಣ್ಣಿನ ಮದ್ಯವನ್ನು ತಮ್ಮಲ್ಲಿಗೆ ಬಂದ ಅತಿಥಿಗಳಿಗೆ ಅಲ್ಲಿಯೇ ಬಡಿಸಲು ಅವಕಾಶ ಕೊಟ್ಟಿತು.

ಮನೆಯ ರೂಢಿಯೊಂದು ಕಾನೂನಿಗೆ ಎದುರಾದಾಗ ಸರ್ಕಾರಕ್ಕೆ ಎರಡು ದಾರಿಗಳಿವೆ: ಎಲ್ಲರನ್ನೂ ಅಪರಾಧಿಗಳೆಂದು ಕರೆಯುವುದು ಒಂದು, ರೂಢಿಯನ್ನು ಹತ್ತಿರದಿಂದ ನೋಡಿ, ಅದರಲ್ಲಿ ಅಪಾಯವೆಷ್ಟು, ನಷ್ಟವೆಷ್ಟು ಎಂದು ಅಳೆಯುವುದು ಇನ್ನೊಂದು. ಅಕ್ಕಿಯ ಗಡಿಗೆಯ ವಿಷಯದಲ್ಲಿ ಜಪಾನು ಮೊದಲನೆಯದನ್ನೂ ಉಮೆಯ ಭರಣಿಯ ವಿಷಯದಲ್ಲಿ ಎರಡನೆಯದನ್ನೂ ಆರಿಸಿಕೊಂಡಿತು. ಇಂದು ಆ ನಾಡಿನ ಗೃಹಿಣಿ ಮುಚ್ಚಳದ ಮೇಲೆ ತಾರೀಖನ್ನು ಅಂಜಿಕೆಯಿಲ್ಲದೆ ಬರೆಯುತ್ತಾಳೆ. ಮುಂದಿನ ವರ್ಷದ ಮಳೆ ಹಿಡಿಯುವ ಹೊತ್ತಿಗೆ ಆ ಭರಣಿಯನ್ನು ಮನೆಮಂದಿಯ ನಡುವೆ ತೆರೆಯುತ್ತಾಳೆ.