ಕೆಂಪು ಕಾರಿನ ಬೆನ್ನಿಗೆ ಅಪ್ಪನ ಸೈಕಲ್ಲು

ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ನಾನು ಕಾರಿನ ಒಡೆಯನಲ್ಲ. ಪುಣೆಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಕಾರೆಂದರೆ ನನಗೆ ಇನ್ನೊಬ್ಬರ ಕಾರು. ಅದರಲ್ಲಿ ಕೂಡುವ ಮುಂಚೆ ಚಪ್ಪಲಿಯ ಧೂಳು ಝಾಡಿಸಿಕೊಳ್ಳುವವರ ಪೈಕಿ ನಾನೂ ಒಬ್ಬ. ಇಂಥವನು ಕಾರಿನ ಬೆನ್ನಿಗೆ ಸೈಕಲ್ಲು ಹೊರುವ ರ‍್ಯಾಕು ಕಟ್ಟುವ ವಿಷಯ ಬರೆಯಹೊರಟಿದ್ದಾನಲ್ಲ ಎಂದು ವಾಚಕರು ನಕ್ಕರೆ ತಪ್ಪೇನಿಲ್ಲ. ಆದರೆ ನಮ್ಮ ಸಂಘದ ಸದಸ್ಯರಲ್ಲಿ ಕಾರುಳ್ಳವರು ಈಗ ಅನೇಕರು. ಊರಿನಲ್ಲಿ ವಯಸ್ಸಾದ ತಂದೆಯುಳ್ಳವರೂ ಅನೇಕರು. ಯಾರಿಗಾದರೂ ಉಪಯೋಗಕ್ಕೆ ಬಂದೀತು.

ನನ್ನ ತಂದೆಯವರದು ಅಟ್ಲಾಸ್ ಸೈಕಲ್ಲು. ಕಪ್ಪು ಬಣ್ಣ, ಸರಳಿನ ಬ್ರೇಕು, ಸ್ಪ್ರಿಂಗಿನ ಚರ್ಮದ ಸೀಟು, ಹಿಂದೆ ಅರ್ಧ ಚೀಲ ಜೋಳ ಹೇರಬಹುದಾದಂಥ ಕ್ಯಾರಿಯರು. ಅದನ್ನು ಮಾಡುತ್ತಿದ್ದ ಕಂಪನಿ 1951ರಲ್ಲಿ ಸೋನಿಪತ್ತಿನಲ್ಲಿ ಹುಟ್ಟಿತು. ಸಾಹಿಬಾಬಾದಿನಲ್ಲಿ ಉಳಿದಿದ್ದ ಅದರ ಕೊನೆಯ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ಅಂದೇ ವಿಶ್ವ ಸೈಕಲ್ ದಿನವಾಗಿದ್ದುದು ವಿಧಿಯ ಕುಚೋದ್ಯವೆನ್ನಬೇಕು. ಆ ಸುದ್ದಿ ಓದಿದ ದಿನ ಅಪ್ಪ ಪತ್ರಿಕೆ ಮಡಿಚಿಟ್ಟು, ಏನೂ ಮಾತಾಡದೆ ಕೆಳಗಿಳಿದು ಹೋಗಿ ಚೈನಿಗೆ ಎಣ್ಣೆ ಬಿಟ್ಟು ಬಂದಿದ್ದರು.

ಖಡಕಿಯ ಕಾರ್ಖಾನೆಯೊಂದರಲ್ಲಿ ಅವರು ಫಿಟ್ಟರಾಗಿದ್ದರು. ಮೂವತ್ತು ವರ್ಷ ಅದೇ ಸೈಕಲ್ಲಿನ ಮೇಲೆ ಹೋಗಿ ಬಂದರು. ಪುಣೆಯನ್ನು ಸೈಕಲ್ಲುಗಳ ಊರೆಂದು ಕರೆಯುತ್ತಿದ್ದ ಕಾಲವೊಂದಿತ್ತು; ಬೆಳಗಿನ ಪಾಳಿಯ ಹೊತ್ತಿಗೆ ರಸ್ತೆಯ ತುಂಬ ಗಂಟೆಗಳ ಸದ್ದು ಎಂದು ಅವರು ಹೇಳುತ್ತಿದ್ದರು. ನಾನು ಶಾಲೆಗೆ ಹೋದದ್ದು ಅದರ ಮುಂದಿನ ಬಾರಿನ ಮೇಲೆ ಕೂತು. ಅಕ್ಕ ಹಿಂದೆ ಕ್ಯಾರಿಯರಿನ ಮೇಲೆ. ಆ ಸೈಕಲ್ಲಿಗೆ ಅಪ್ಪನ ಹೊರತು ಇನ್ನಾರೂ ಪಾನಾ ಹಚ್ಚಿದ್ದನ್ನು ನಾನು ಕಂಡಿಲ್ಲ.

2022ರಲ್ಲಿ ಅವ್ವ ಹೋದಳು. ಮರುವರ್ಷ ಅಪ್ಪ ಧಾರವಾಡದ ಹಿರಿಯರ ಮನೆಗೆ, ಕಾಕಾನ ಹತ್ತಿರ, ಹೋಗಿ ಇದ್ದುಬಿಟ್ಟರು. ಸೈಕಲ್ಲು ನಮ್ಮ ಚಾಳಿನ ಜಿನೆಯ ಕೆಳಗೆ ಉಳಿಯಿತು. ಫೋನಿನಲ್ಲಿ ಮಾತು ದಿನದಿನಕ್ಕೆ ಸಣ್ಣದಾಗುತ್ತ ಬಂತು. "ಊಟ ಆತು. ಮಳಿ ಇಲ್ಲ. ಇಡ್ತೀನಿ." ಮನೆಯಿಂದ ಹೊರಗೇ ಹೋಗುವುದಿಲ್ಲವೆಂದು ಕಾಕಾ ಹೇಳುತ್ತಿದ್ದ. ಹೀಗಿರುವಾಗ 2024ರ ದಸರೆಗೆ ಹದಿನೈದು ದಿನವಿದೆ ಎನ್ನುವಾಗ ಅಪ್ಪ ತಾವಾಗಿ ಫೋನು ಮಾಡಿ ಕೇಳಿದರು: "ನನ್ನ ಸೈಕಲ್ಲು ಅದನೋ, ಮಾರಿದ್ಯೋ?"

ರೈಲಿನ ಪಾರ್ಸಲ್ಲಿಗೆ ಹಾಕಬಹುದಿತ್ತಲ್ಲ ಎಂದು ನೀವೆನ್ನಬಹುದು. ಹಾಕಬಹುದಿತ್ತು. ಆದರೆ ಅಕ್ಕನ ಮಗ, ಹಿಂಜವಡಿಯ ಕಂಪನಿಯೊಂದರಲ್ಲಿರುವ ನನ್ನ ಸೋದರಳಿಯ, ದಸರೆಗೆ ಊರಿಗೆ ಹೊರಟಿದ್ದ. ಆರು ತಿಂಗಳ ಹಿಂದೆ ಕೊಂಡ ಕೆಂಪು ಕಾರು ಅವನದು. ನೆಲಕ್ಕೆ ತಗ್ಗಿದ, ಓಟಕ್ಕೆಂದೇ ಮಾಡಿದಂಥ ಸ್ಪೋರ್ಟ್ಸ್ ಮಾದರಿ. ಡಿಕ್ಕಿಯ ತುದಿಗೆ ಕಪ್ಪು ಬಣ್ಣದ ಒಂದು ಸಣ್ಣ ರೆಕ್ಕೆ. "ಅಜ್ಜನ ಸೈಕಲ್ಲು ನನ್ನ ಕಾರಿನ ಹಿಂದ ಕಟ್ಟೋಣ, ಮಾಮಾ" ಎಂದು ಅವನೇ ಅಂದ. ಅಂದವನ ಮುಖದಲ್ಲಿ ಅಜ್ಜನ ಮೇಲಿನ ಪ್ರೀತಿ, ಕಾರಿನ ಬಣ್ಣದ ಚಿಂತೆ ಎರಡೂ ಕಾಣುತ್ತಿದ್ದವು.

ಬೆನ್ನಿಗೆ ಕಟ್ಟುವ ರ‍್ಯಾಕಿನ ಸ್ವರೂಪ ಇಷ್ಟೆ. ಒಂದು ಕೊಳವೆಯ ಚೌಕಟ್ಟು. ಅದಕ್ಕೆ ಕಾರಿಗೆ ಒರಗುವ ರಬ್ಬರಿನ ಪಾದಗಳು. ಹಿಂದಕ್ಕೆ ಚಾಚಿದ ಎರಡು ತೋಳು, ಸೈಕಲ್ಲು ತೂಗುಬೀಳುವುದು ಅವುಗಳ ಮೇಲೆ. ಇಡೀ ಚೌಕಟ್ಟನ್ನು ಹಿಡಿದಿಡುವುದು ಆರು ಪಟ್ಟಿಗಳು: ಮೇಲೆ ಎರಡು, ಪಕ್ಕಕ್ಕೆ ಎರಡು, ಕೆಳಗೆ ಎರಡು. ಪ್ರತಿಯೊಂದರ ತುದಿಗೆ ಒಂದು ಕೊಂಡಿ. ಅದು ಡಿಕ್ಕಿಯ ಬಾಗಿಲಿನ ಅಂಚಿಗೆ ಸಿಕ್ಕಿಕೊಳ್ಳಬೇಕು. ಮೇಲಿನ ಪಟ್ಟಿಗಳು ಭಾರವನ್ನು ಎಳೆದು ಹಿಡಿಯುತ್ತವೆ, ಪಾದಗಳು ಒತ್ತಿ ಹಿಡಿಯುತ್ತವೆ, ಪಕ್ಕದವು ತೂಗಾಡದಂತೆ, ಕೆಳಗಿನವು ಪುಟಿಯದಂತೆ ತಡೆಯುತ್ತವೆ. ಬಾವಿಯ ಗಡಿಗೆಗೆ ಹಗ್ಗ ಬಿಗಿದು ಗೊತ್ತಿದ್ದವರಿಗೆ ಇದರಲ್ಲಿ ತಿಳಿಯದ್ದೇನೂ ಇಲ್ಲ.

ತಿಳಿಯಬೇಕಾದದ್ದು ಕಾರಿನ ಬೆನ್ನು. ಸಾಧಾರಣ ಕಾರಿನ ಬೆನ್ನು ಮಾಸ್ತರರ ಬೆನ್ನಿನಂತೆ ನೆಟ್ಟಗಿರುತ್ತದೆ. ಈ ಓಟದ ಕಾರುಗಳದು ಹಾಗಲ್ಲ. ಗಾಳಿ ಜಾರಿಹೋಗಲೆಂದು ಗಾಜು ಮಲಗಿರುತ್ತದೆ, ಡಿಕ್ಕಿ ಗಿಡ್ಡ, ಮೇಲೆ ರೆಕ್ಕೆ. ರೆಕ್ಕೆಯ ಕೆಲಸ ಗಾಳಿಯ ಸಂಗಡ. ಭಾರ ಹೊರುವುದು ಅದರ ಉದ್ಯೋಗವಲ್ಲ. ಪ್ಲಾಸ್ಟಿಕ್ಕಿನಿಂದ ಮಾಡಿ ಬಹಳ ಮಟ್ಟಿಗೆ ಅಂಟಿಸಿಯೇ ಕೂಡಿಸಿದ್ದದು. ಅಳಿಯ ಮೊದಲು ತರಿಸಿದ ರ‍್ಯಾಕಿಗೆ ನೆಟ್ಟನೆಯ ಕೊಳವೆಗಳು. ಪಟ್ಟಿ ಬಿಗಿದೊಡನೆ ಕೊಳವೆ ಹೋಗಿ ರೆಕ್ಕೆಯ ಮೇಲೆಯೇ ಕೂತಿತು. ಒಳಗೆಲ್ಲೋ 'ಕಟ್' ಎಂದು ಸದ್ದಾಯಿತು. ಅಳಿಯನ ಮುಖ ರೆಕ್ಕೆಗಿಂತ ಕಪ್ಪಾಯಿತು. ಪುಣ್ಯಕ್ಕೆ ಏನೂ ಮುರಿದಿರಲಿಲ್ಲ. ಬಿಚ್ಚಿ, ಡಬ್ಬದಲ್ಲಿ ತುಂಬಿ, ಬಂದ ದಾರಿಗೇ ಕಳಿಸಿಕೊಟ್ಟೆವು. ಅದರ ಜೊತೆಗಿದ್ದ ಕಾಗದದಲ್ಲಿ ರೆಕ್ಕೆಯ ಮಾತೇ ಇರಲಿಲ್ಲ.

ಛಾವಣಿಯ ಮೇಲೆ ಹೊರುವ ರ‍್ಯಾಕುಗಳಿವೆ. ಗಾಳಿ ಹೀರಿ ಲೋಟದಂತೆ ಗಾಜಿಗೆ ಅಂಟಿಕೊಳ್ಳುವವೂ ಬಂದಿವೆ. ಕಾರಿನ ಹಿಂದೆ ಎಳೆಯುವ ಕೊಕ್ಕೆಯಿದ್ದರೆ ಅದಕ್ಕೇ ಜೋಡಿಸುವವು ಎಲ್ಲಕ್ಕಿಂತ ಗಟ್ಟಿ. ನಮ್ಮ ದೇಶದ ಸಣ್ಣ ಕಾರುಗಳಿಗೆ ಆ ಕೊಕ್ಕೆ ಇರುವುದು ಅಪರೂಪ. ಈ ಉದ್ಯಮದಲ್ಲಿ ಜಗತ್ತಿಗೆಲ್ಲ ಹೆಸರಾದ ಸ್ವೀಡನ್ನಿನ ಥೂಲೆ ಕಂಪನಿ 1942ರಲ್ಲಿ ಆರಂಭವಾದದ್ದು ಮೀನು ಹಿಡಿಯುವ ಬೋನು ಮಾಡುವುದರಿಂದಂತೆ! ಇರಲಿ. ನಮಗೆ ಒದಗಿದ್ದು ಅಳಿಯನ ಗೆಳೆಯನೊಬ್ಬನ ಕಮಾನಿನಾಕಾರದ ರ‍್ಯಾಕು. ಅದರ ಮೇಲಿನ ಪಾದಗಳು ರೆಕ್ಕೆಯ ಆಚೆ, ಡಿಕ್ಕಿಯ ತಗಡಿನ ಮೇಲೆ ಊರುತ್ತವೆ. ಕಮಾನು ರೆಕ್ಕೆಯನ್ನು ದಾಟಿಕೊಂಡು ಬರುತ್ತದೆ. ಕೆಳಗಿನ ಪಾದಗಳು ಬಂಪರಿನ ಮೇಲೆ. ರೆಕ್ಕೆಗೂ ಕಮಾನಿಗೂ ನಡುವೆ ನನ್ನ ಎರಡು ಬೆರಳು ಹೋಗುವಷ್ಟು ಜಾಗ ಉಳಿಯಿತು. ಕೊಂಡಿಗಳು ಪ್ಲಾಸ್ಟಿಕ್ಕಿಗಾಗಲಿ ಗಾಜಿಗಾಗಲಿ ಅಲ್ಲ, ತಗಡಿನ ಅಂಚಿಗೇ ಸಿಕ್ಕಿವೆಯೆ ಎಂದು ಕೈಯಾಡಿಸಿ ನೋಡಿಕೊಂಡೆವು.

ಇಷ್ಟಾದ ಮೇಲೆ ಅಳಿಯ ಕಾಗದ ಓದಿದ. "ಮಾಮಾ, ಒಂದು ಸೈಕಲ್ಲಿಗೆ ಹದಿನೈದು ಕಿಲೋ ಅಷ್ಟ. ಅಜ್ಜನ ಸೈಕಲ್ಲು ಎಷ್ಟ ಅದ?"

ನಾನು ಧೈರ್ಯವಾಗಿ ಹದಿನಾಲ್ಕು ಎಂದೆ. ಕಚೇರಿಯಲ್ಲಿ ಕಾಗದ ಸಿಗದಿದ್ದಾಗ ಅಂಕಿ ಹೇಳುವ ರೂಢಿ ನಮಗೆ ಉಂಟು. ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಹೆದ್ದಾರಿಯಲ್ಲಿ ಪಟ್ಟಿ ಹರಿದು ಸೈಕಲ್ಲು ಬಿದ್ದರೆ ಬೀಳುವುದು ಹಿಂದೆ ಬರುವ ಯಾವನೋ ಬಡಪಾಯಿಯ ಮೋಟಾರ್ ಸೈಕಲ್ಲಿನ ಎದುರಿಗೆ. ಬೆಳಗಾಗುತ್ತಲೇ ಸೈಕಲ್ಲು ನೂಕಿಕೊಂಡು ಹೋಗಿ ಗುಜರಿಯವನ ತಕ್ಕಡಿಯ ಮೇಲೆ ಹತ್ತಿಸಿದೆ. 21 ಕಿಲೋ 600 ಗ್ರಾಮು. ಗುಜರಿಯವನು ದರ ಹೇಳತೊಡಗಿದ. ಮಾರಲಿಕ್ಕಲ್ಲವೆಂದು ಅವನನ್ನು ಒಪ್ಪಿಸಬೇಕಾದರೆ ಸಾಕಾಯಿತು.

ಬಿಚ್ಚುವುದೊಂದೇ ದಾರಿ. ಅಪ್ಪನ ಪಾನಾ ಪೆಟ್ಟಿಗೆ ತೆಗೆದಾಗ, ನಿಜ ಹೇಳುತ್ತೇನೆ, ಕೈ ಹಿಂಜರಿಯಿತು. ಮೂವತ್ತು ವರ್ಷ ಯಾರೂ ಮುಟ್ಟದ ನಟ್ಟುಗಳು. ಹೇಳಿ ಬಿಚ್ಚಬೇಕೆ, ಬಿಚ್ಚಿ ಹೇಳಬೇಕೆ? ಹೇಳಿದರೆ 'ಬ್ಯಾಡ, ಇರಲಿ ಬಿಡು' ಎಂದುಬಿಟ್ಟಾರೆಂಬ ಭಯಕ್ಕೆ ಹೇಳಲೇ ಇಲ್ಲ. ಕ್ಯಾರಿಯರು, ಸ್ಟ್ಯಾಂಡು, ಚೈನಿನ ಕವಚ, ಸೀಟು, ಡೈನಮೋ, ದೀಪ, ಕಡೆಗೆ ಮುಂದಿನ ಗಾಲಿ ಒಂದೊಂದಾಗಿ ಇಳಿದವು. ಸರಳಿನ ಬ್ರೇಕು ಗಾಲಿಗೆ ಅಡ್ಡ ಬಂದು ಅರ್ಧ ತಾಸು ಸತಾಯಿಸಿತು. ನಟ್ಟು, ವಾಶರುಗಳನ್ನು ಏಳು ಲಕೋಟೆಗಳಲ್ಲಿ ಹಾಕಿ ನಂಬರು ಬರೆದು, ಯಾವುದರಲ್ಲಿ ಏನಿದೆಯೆಂಬ ಪಟ್ಟಿಯನ್ನೂ ಮಾಡಿದೆ. ಗುಮಾಸ್ತಗಿರಿ ಇಷ್ಟಕ್ಕಾದರೂ ಬಂತು. ಮತ್ತೆ ತೂಗಿದರೆ 12 ಕಿಲೋ 300 ಗ್ರಾಮು. ಅಳಿಯನಿಗೆ ಎರಡೂ ಅಂಕಿ ಹೇಳಿ, ಮೊದಲಿನ ಹದಿನಾಲ್ಕಕ್ಕೆ ತಪ್ಪೊಪ್ಪಿಕೊಂಡೆ. ಅವನು ನಗಲಿಲ್ಲ. "ಛಲೋ ಆತು ತೂಗಿದ್ರಿ" ಎಂದ.

ಹೊರಡುವ ಮುನ್ನಾದಿನ ಕಾರಿಗೆ ಸ್ನಾನ. ಇದು ಶೃಂಗಾರಕ್ಕಲ್ಲ. ಪಾದದ ರಬ್ಬರಿನ ಕೆಳಗೆ ಉಸುಕಿನ ಕಣವೊಂದಿದ್ದರೂ ಅದು ದಾರಿಯುದ್ದಕ್ಕೂ ಅರೆದು ಬಣ್ಣ ತಿನ್ನುತ್ತದೆ. ಸೈಕಲ್ಲಿನ ಬಾರನ್ನು ತೋಳುಗಳ ಮೇಲಿಟ್ಟು ಬಿಗಿದೆವು. ಅಟ್ಲಾಸಿನ ನೆಟ್ಟನೆಯ ಬಾರು ಇದಕ್ಕೆಂದೇ ಮಾಡಿದಂತೆ ಕೂತಿತು. ಹೆಣ್ಣುಮಕ್ಕಳ ಸೈಕಲ್ಲಿಗೆ ಈ ಬಾರು ಇಲ್ಲದ್ದರಿಂದ ಸೀಟಿನ ಕೊಳವೆಗೂ ಹ್ಯಾಂಡಲ್ಲಿಗೂ ನಡುವೆ ಹಚ್ಚುವ ಬೇರೆ ಕಂಬಿ ಬೇಕಾಗುತ್ತದೆ. ಹ್ಯಾಂಡಲು ತಿರುಗದಂತೆ ಕಟ್ಟಿ, ಕಾರಿನ ಕಡೆಯ ಪೆಡಲಿಗೆ ಹಳೆಯ ಧೋತರ ಸುತ್ತಿ, ಪಟ್ಟಿಗಳ ಉಳಿದ ತುದಿಗಳನ್ನು ಮಡಿಚಿ ಬಿಗಿದದ್ದಾಯಿತು. ಬಿಟ್ಟರೆ ಆ ತುದಿಗಳು ಗಾಳಿಗೆ ಕಾರನ್ನು ಚಾಟಿಯಂತೆ ಹೊಡೆಯುತ್ತವೆ. ನಂತರ ಸೈಕಲ್ಲನ್ನು ಹಿಡಿದು ಜಗ್ಗಿದೆವು. ಸೈಕಲ್ಲು ಮಾತ್ರ ಅಲುಗಿದರೆ ಕಟ್ಟು ಸಡಿಲ. ಇಡೀ ಕಾರು ಅಲುಗಿದರೆ ಸರಿ. ಕಾರು ಅಲುಗಿತು.

ನಂಬರಿನ ವಿಚಾರ ಬಿಡುವ ಹಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 50ನೆಯದು ನಂಬರು ಪಟ್ಟಿಗೇ ಮೀಸಲು. 2019ರ ಏಪ್ರಿಲ್ ಒಂದರಿಂದ ಹೊಸ ವಾಹನಗಳಿಗೆಲ್ಲ ಬಂದ ಭದ್ರತಾ ಪಟ್ಟಿ ಒಮ್ಮೆ ಕೂಡಿಸಿದರೆ ತೆಗೆದು ಬೇರೆಡೆ ಹಚ್ಚುವಂಥದಲ್ಲ. ಆದ್ದರಿಂದ ಸೈಕಲ್ಲೇ ಪಟ್ಟಿಗೆ ದಾರಿ ಬಿಡಬೇಕು. ಇಪ್ಪತ್ತು ಹೆಜ್ಜೆ ಹಿಂದೆ ನಿಂತು ನಂಬರನ್ನು ಗಟ್ಟಿಯಾಗಿ ಓದಿದೆ. ಅಳಿಯ ಬ್ರೇಕು ತುಳಿದಾಗ ಎರಡೂ ಕೆಂಪು ದೀಪ ಕಾಣುತ್ತವೆಯೆ ಎಂದು ನೋಡಿದೆ.

ಕತ್ತಲಾಗುವುದರೊಳಗೆ ಮುಟ್ಟಬೇಕೆಂದು ನಸುಕಿನಲ್ಲೇ ಹೊರಟೆವು. ಧಾರವಾಡಕ್ಕೆ ಸುಮಾರು 420 ಕಿಲೋಮೀಟರು. ಖೇಡ-ಶಿವಾಪುರದ ಟೋಲು ದಾಟಿ ನಿಲ್ಲಿಸಿ ನೋಡಿದರೆ, ನಿನ್ನೆ ಉಕ್ಕಿನಂತಿದ್ದ ಪಟ್ಟಿಗಳಲ್ಲಿ ಎರಡು ಬೆರಳಿಗೆ ಬಾಗುತ್ತಿದ್ದವು. ಇದು ಕಟ್ಟಿದವರ ದೋಷವಲ್ಲ. ರಬ್ಬರು ಒತ್ತಿ ಕೂಡುತ್ತದೆ, ಪಟ್ಟಿ ಎಳೆದು ಜೋಲುತ್ತದೆ. ಮೊದಲ ಇಪ್ಪತ್ತು ಮೂವತ್ತು ಕಿಲೋಮೀಟರಿಗೆ ಒಮ್ಮೆ ಇಳಿದು ಬಿಗಿಯಲೇಬೇಕು. ಬಿಗಿದುಕೊಂಡು ಖಂಬಾಟ್ಕಿ ಘಾಟ ಹತ್ತಿದೆವು. ಎಂಬತ್ತರ ಮೇಲೆ ಮುಳ್ಳು ಏರಲಿಲ್ಲ. ನೂರೆಂಬತ್ತು ಓಡಬಲ್ಲ ಕಾರನ್ನು ಲಾರಿಗಳೆಲ್ಲ ದಾಟಿಕೊಂಡು ಹೋಗುತ್ತಿದ್ದರೆ ಅಳಿಯ ಹಲ್ಲು ಕಚ್ಚಿ ಸಹಿಸಿದ. ಹಸಿವಾದಾಗ ಇನ್ನೊಂದು ಸಂಗತಿ ತಿಳಿಯಿತು: ಅವಲಕ್ಕಿ ಚಕ್ಕುಲಿಯ ಡಬ್ಬಿ ಡಿಕ್ಕಿಯಲ್ಲಿತ್ತು, ಮತ್ತು ರ‍್ಯಾಕು ಕಟ್ಟಿದ ಮೇಲೆ ಡಿಕ್ಕಿ ತೆರೆಯುವುದಿಲ್ಲ. ಸ್ಟೆಪ್ನಿಯೂ ಒಳಗೇ. ಪಂಕ್ಚರ್ ಆಗದಿರಲೆಂದು ಹನುಮಪ್ಪನನ್ನು ನೆನೆದು ಹೋಟೆಲಿನ ಮಿಸಳ ತಿಂದೆವು.

ನಿಜವಾದ ಗಂಡಾಂತರ ತಿಳಿದದ್ದು ಕರಾಡದ ಹತ್ತಿರ, ತಾಸವಡೆಯ ಟೋಲಿನಲ್ಲಿ. ಎಲ್ಲಿಂದಲೋ ಸುಟ್ಟ ರಬ್ಬರಿನ ವಾಸನೆ. ಇಳಿದು ನೋಡಿದರೆ ಸೈಕಲ್ಲಿನ ಹಿಂದಿನ ಗಾಲಿ ನೇರವಾಗಿ ಕಾರಿನ ಹೊಗೆಕೊಳವೆಯ ಎದುರಿಗೆ ತೂಗುತ್ತಿದೆ; ಟಯರು ಮುಟ್ಟಲಾಗದಷ್ಟು ಕಾದಿದೆ. ಇಂಥ ಕಾರುಗಳ ಕೊಳವೆ ದೊಡ್ಡದು, ಉಸಿರು ಬಿಸಿ. ಇನ್ನು ಕೊಲ್ಲಾಪುರದವರೆಗೆ ಹೀಗೇ ಹೋಗಿದ್ದರೆ ಟಯರು ಒಡೆಯುತ್ತಿತ್ತು. ಮುಂದಿನ ಗಾಲಿ ತೆಗೆದ ಬದಿ ಖಾಲಿಯಿದೆಯೆಂಬುದು ಆಗ ಹೊಳೆಯಿತು. ಸೈಕಲ್ಲನ್ನು ತಿರುಗಿಸಿ ಖಾಲಿ ಬದಿಯನ್ನು ಕೊಳವೆಯ ಕಡೆ ಮಾಡಿ, ಎಡದೀಪ ಕಾಣಲೆಂದು ನಾಲ್ಕು ಬೆರಳು ಸರಿಸಿ, ಮತ್ತೆ ಕಟ್ಟಿದೆವು. ಇಷ್ಟು ಬುದ್ಧಿ ಪುಣೆಯಲ್ಲೇ ಬರಬೇಕಿತ್ತು.

ಕೊಗನೊಳ್ಳಿ ದಾಟಿ ಕನ್ನಡ ಬೋರ್ಡುಗಳು ಕಂಡ ಮೇಲೆ ಉಳಿದ ದಾರಿ ಸುಖವಾಗಿ ಸಾಗಿತು. ಧಾರವಾಡದ ಓಣಿಯಲ್ಲಿ ಕಾರು ಹಿಂದೆ ಸರಿಸುವಾಗ ಅದರ ಯಂತ್ರ ಮಾತ್ರ ಸೈಕಲ್ಲನ್ನೇ ಗೋಡೆಯೆಂದು ತಿಳಿದು ಒಂದೇ ಸಮನೆ ಕಿರಿಚಿತು. ಆ ಸದ್ದಿಗೆ ಅಪ್ಪ ಹೊರಗೆ ಬಂದರು.

ಸೈಕಲ್ಲನ್ನು ಕಂಡು ಅವರೇನೂ ಹೇಳಲಿಲ್ಲ. ಸುತ್ತ ಒಂದು ಸಲ ಬಂದರು. ಗಾಲಿಯಿಲ್ಲ, ಸೀಟಿಲ್ಲ. "ಯಾರು ಬಿಚ್ಚಿದವ್ರು?"

"ನಾನ, ಅಪ್ಪಾ."

ಟಯರಿನ ಕಂದಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಏಳು ಲಕೋಟೆಗಳನ್ನು ಇಸಿದುಕೊಂಡು ಪಡಸಾಲೆಗೆ ಹೋಗಿ, ಹಳೆಯ ಪೇಪರು ಹಾಸಿ, ನನ್ನ ಪಟ್ಟಿಯನ್ನು ಓದುತ್ತ ಒಂದೊಂದನ್ನೇ ಸುರಿದು ಎಣಿಸಿದರು. ರಾತ್ರಿ ಊಟಕ್ಕೆ ಎರಡು ಸಲ ಕರೆಯಬೇಕಾಯಿತು.

ಬೆಳಗ್ಗೆ ನಾವು ಏಳುವಷ್ಟರಲ್ಲಿ ಅವರು ಅಂಗಿ ತೊಟ್ಟು ಟೊಪ್ಪಿಗೆ ಇಟ್ಟುಕೊಂಡು ನಿಂತಿದ್ದರು. "ನಾಲ್ಕನೇ ಲಕೋಟಿಯೊಳಗ ಒಂದು ವಾಶರ್ ಕಮ್ಮಿ ಅದ. ಪಟ್ಟಿಯೊಳಗ ಎರಡಂತ ಬರದೀ. ಸುಭಾಸ ರೋಡಿಗೆ ಹೋಗಿ ಬರ್ತೀನಿ."

"ನಾ ಕಾರಿನ್ಯಾಗ ಕರ್ಕೊಂಡ ಹೋಗ್ತೀನಜ್ಜಾ" ಎಂದ ಅಳಿಯ.

"ಬ್ಯಾಡ. ನಡಕೋತ ಹೋಗ್ತೀನಿ."

ಹನ್ನೊಂದು ಗಂಟೆಗೆ ತಿರುಗಿ ಬಂದರು. ಕೈಯಲ್ಲಿ ವಾಶರು, ಒಂದು ಹೊಸ ಟ್ಯೂಬು, ನಾಲ್ಕಾಣೆಯ ಕಾಲದ ಗೆಳೆಯರೊಬ್ಬರ ಸುದ್ದಿ. ಜೋಡಿಸುವುದಕ್ಕೆ ಮೂರು ದಿನ ಹಿಡಿಯಿತು. ನಮ್ಮಿಬ್ಬರಿಗೂ ಮುಟ್ಟಗೊಡಲಿಲ್ಲ.

ಕಳೆದ ವಾಶರು ಪುಣೆಗೆ ಮರಳಿದ ಮೇಲೆ ಡಿಕ್ಕಿಯ ಹಾಸಿನ ಕೆಳಗೆ ಸಿಕ್ಕಿತು. ಅಳಿಯ ಅದನ್ನು ಕಾರಿನ ಕೀಲಿಗೊಂಚಲಿಗೆ ಹಾಕಿಕೊಂಡಿದ್ದಾನೆ.